ಸತ್ತ ಮೇಲೂ ಎದ್ದು ಹಾಡುತ್ತಿದ್ದ ಮುತ್ತರಾಯಪ್ಪ

ನಾನು ಮುತ್ತರಾಯಪ್ಪನವರನ್ನು ಮೊದಲು ಕಂಡದ್ದು ೧೯೪೩ರ ಜೂನ್ ತಿಂಗಳಲ್ಲಿ. ಬಾಗಲೂರಿನ ಆಚೆಯ ಆ ಹಳ್ಳಿಯ ಶಾಲೆಗೆ ಮೇಷ್ಟ್ರಾಗಿ ನೇಮಕಗೊಂಡು, ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ನಡೆದು ಬರುತ್ತಿದ್ದೆ. ದಾರಿಯ ಬದಿಯ ಬದನೆ ಪಾತಿಯಲ್ಲಿ ಯಾರೋ ನನಗೆ ಬೆನ್ನು ಮಾಡಿ ಕುಳಿತು ಕಳೆ ಕೀಳುತ್ತಿದ್ದರು. ಆಗತಾನೆ ಎಣ್ಣೆಸ್ನಾನ ಮಾಡಿದ ಕೂದಲು ಸೊಂಟದವರೆಗೆ ಹರಡಿತ್ತು.

"ಅಮ್ಮಾ, ಶಾಲೆ ಎಲ್ಲಿದೆ?" ಎಂದು ಕೇಳಿದೆ.

ತಿರುಗಿ ನೋಡಿದವರು ಮೂವತ್ತು ದಾಟಿದ ಗಂಡಸು. ಮೀಸೆ ಇರಲಿಲ್ಲ. ನಾನು ನಾಚಿ ನಿಂತದ್ದನ್ನು ಕಂಡು ನಕ್ಕುಬಿಟ್ಟರು.

"ಈಗ ಅಪ್ಪಾ ಅನ್ನಿ ಸ್ವಾಮಿ. ಸಂಕ್ರಾಂತಿ ಆದ್ಮೇಲೆ ಒಂದಿನ ಮಾತ್ರ ಅಮ್ಮ ಆಯ್ತೀನಿ, ಅವತ್ತು ಕರೀರಿ."

ಅದರ ಅರ್ಥ ನನಗೆ ತಿಳಿದದ್ದು ಅವರ ಮನೆಯಲ್ಲಿ ಮಜ್ಜಿಗೆ ಕುಡಿಯುವಾಗ. ಎಷ್ಟೋ ವರ್ಷಗಳ ಹಿಂದೆ ಒಂದು ನಾಟಕ ಕಂಪನಿಯವರು ಹೊಸೂರಿನಲ್ಲಿ 'ದೀಪದ ನಾಗವೇಣಿ' ಎಂಬ ನಾಟಕವನ್ನು ಆಡಿದ್ದರಂತೆ. ಅದನ್ನು ನೋಡಿ ಬಂದ ನಮ್ಮ ಹಳ್ಳಿಯವರು ಮಾತು, ಹಾಡು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು, ರಾಗಿ ಕಣ ಮುಗಿದ ಮೇಲೆ ಪ್ರತಿ ವರ್ಷವೂ ಆಡುತ್ತಿದ್ದರು. ಅರಮನೆಯಲ್ಲಿ ದೀಪ ಹಚ್ಚುವವನ ಮಗಳು ನಾಗವೇಣಿ. ಅವಳನ್ನು ರಾಜಕುಮಾರ ಪ್ರೀತಿಸುತ್ತಾನೆ. ರಾಜನು ಮಗನನ್ನು ಯುದ್ಧಕ್ಕೆ ಅಟ್ಟುತ್ತಾನೆ. ಅವನು ಹಿಂದಿರುಗುವುದನ್ನೇ ಕೋಟೆಯ ಬಾಗಿಲಲ್ಲಿ ದೀಪ ಹಿಡಿದು ಕಾಯುತ್ತ ಕಾಯುತ್ತ ಅವಳು ಪ್ರಾಣ ಬಿಡುತ್ತಾಳೆ. ಹೆಂಗಸರು ರಂಗಕ್ಕೆ ಬರದ ಕಾಲವದು. ಹನ್ನೆರಡು ವರ್ಷಗಳಿಂದ ನಾಗವೇಣಿ ಎಂದರೆ ಮುತ್ತರಾಯಪ್ಪನವರೇ. ಕೂದಲು ಬಿಟ್ಟದ್ದೂ ಮೀಸೆ ತೆಗೆದದ್ದೂ ಅದಕ್ಕಾಗಿಯೇ.

"ಎರಡು ಜಡೆ ಒಂದು ಮನೇಲಿರಬಾರದು ಅಂತಾರೆ ಮೇಷ್ಟ್ರೇ," ಎಂದರು ಅವರ ಹೆಂಡತಿ ಮಂಗಮ್ಮ. "ನಮ್ಮನೇಲಿ ಗಂಡ ಹೆಂಡ್ರೇ ಎರಡು ಜಡೆ. ಬಾಚಣಿಗೆಗೆ ನಾನು ಕಾಯಬೇಕು."

ಆ ನಾಟಕದಲ್ಲಿ ಒಂದು ಪದ್ಧತಿ ಇತ್ತು. "ಆರಬೇಡ ದೀಪವೇ, ಅವನಿನ್ನೂ ಹಾದಿಯಲಿ" ಎಂದು ಹಾಡಿ ನಾಗವೇಣಿ ಸಾಯುತ್ತಾಳೆ. ಕೂಡಲೇ ಜನ "ಒನ್ಸ್ ಮೋರ್!" ಎಂದು ಕೂಗುತ್ತಾರೆ. ಸತ್ತ ನಾಗವೇಣಿ ಎದ್ದು, ಸೀರೆಯ ಧೂಳು ಕೊಡವಿಕೊಂಡು, ಅದೇ ಹಾಡನ್ನು ಮತ್ತೆ ಹಾಡಿ, ಮತ್ತೆ ಸಾಯುತ್ತಾಳೆ. ಅದನ್ನು ಯಾರೂ ವಿಚಿತ್ರವೆಂದು ಎಣಿಸುತ್ತಿರಲಿಲ್ಲ. ಒಂದು ವರ್ಷ ಮುತ್ತರಾಯಪ್ಪ ನಾಲ್ಕು ಸಲ ಸತ್ತದ್ದನ್ನು ನಾನೇ ಕಂಡಿದ್ದೇನೆ.

೧೯೪೬ರ ಕಾರ್ತಿಕದಲ್ಲಿ ಹೊಸೂರಿಗೆ ಟೆಂಟು ಸಿನಿಮಾ ಬಂದಿತು. ತಮಟೆ ಬಡಿಯುತ್ತ ಸಂತೆಯಲ್ಲಿ ಹಂಚಿದ ಚೀಟಿಯನ್ನು ಓದಿ ಹೇಳಲು ನನ್ನ ಬಳಿಗೆ ತಂದರು. ಹೊಸೂರು ಮದರಾಸು ಪ್ರಾಂತಕ್ಕೆ ಸೇರಿದ್ದರಿಂದ ಚೀಟಿ ತಮಿಳಿನಲ್ಲಿತ್ತು. ನಾನು ಓದಿದೆ: ಅದೇ ನಾಟಕ, ಅದೇ ನಾಗವೇಣಿ, ಈಗ ಸಿನಿಮಾ ಆಗಿ ಬಂದಿದೆ.

ಊರ ಹಿರಿಯರಾದ ದೊಡ್ಡಣ್ಣನವರು ಅರಳಿಕಟ್ಟೆಯ ಮೇಲೆ ಕುಳಿತು ಮಾತು ತೆಗೆದರು.

"ನೋಡ್ರಪ್ಪಾ, ನಮ್ಮ ನಾಟಕದ ಪರದೆ ಇಲಿ ಕಡಿದು ಜಾಲರಿ ಆಗೈತೆ. ಹೊಸದು ಬರೆಸಬೇಕು. ಅಲ್ಲಿ ನೋಡಿದ್ರೆ ನಿಜವಾದ ಕೋಟೆ, ನಿಜವಾದ ಕುದುರೆ, ನಿಜವಾದ ಹೆಂಗಸು. ಎಲ್ಲಾರೂ ಹೋಗಿ ನೋಡಾನ. ನೋಡಿ ಬಂದು ಮನಸ್ಸಲ್ಲಿರೋದು ಹೇಳಿ. ಸಿನಿಮಾನೇ ಮೇಲು ಅಂದ್ರೆ ನಾಟಕ ಇಲ್ಲಿಗೆ ಸಾಕು."

ಮುತ್ತರಾಯಪ್ಪ ಗಂಟು ಹಾಕಿದ್ದ ಕೂದಲನ್ನು ಬಿಚ್ಚಿ, ಮತ್ತೆ ಗಂಟು ಹಾಕಿದರು. ಮನೆಯ ಕಡೆ ಹೋಗುವಾಗ ನನ್ನೊಡನೆ ಮಾತ್ರ ಹೇಳಿದರು:

"ವರ್ಷವೆಲ್ಲಾ ಎತ್ತಿನ ಹಿಂದೆ ನಡೀತೀನಿ ಮೇಷ್ಟ್ರೇ. ಆ ಒಂದಿನಕ್ಕೋಸ್ಕರ ನಡೀತೀನಿ. ಅದೂ ಹೋದ್ರೆ ಬರೀ ಎತ್ತು ಉಳೀತದೆ."

ನಾಲ್ಕು ಗಾಡಿ ಕಟ್ಟಿಕೊಂಡು ಹೊರಟೆವು. ಟೆಂಟಿನಲ್ಲಿ ಹೆಂಗಸರಿಗೂ ಗಂಡಸರಿಗೂ ನಡುವೆ ಬಟ್ಟೆಯ ಅಡ್ಡ ಕಟ್ಟಿದ್ದರು. ಎಲ್ಲರೂ ಮರಳಿನ ಮೇಲೆ ಕುಳಿತೆವು. ಕತೆ ಬಲ್ಲವರಾದ್ದರಿಂದ ತಮಿಳು ಅಷ್ಟಾಗಿ ಬಾರದವರಿಗೂ ತೊಂದರೆಯಾಗಲಿಲ್ಲ. ಕುದುರೆ ಓಡಿ ಬಂದಾಗ ಮುಂದಿನ ಸಾಲಿನವರು ಕಾಲು ಮಡಚಿಕೊಂಡರು. ಮುತ್ತರಾಯಪ್ಪ ಮಾತ್ರ ನಾಗವೇಣಿಯ ಮುಖದಿಂದ ಕಣ್ಣು ತೆಗೆಯಲಿಲ್ಲ.

ಕಡೆಗೆ ಕೋಟೆಯ ಬಾಗಿಲ ದೃಶ್ಯ ಬಂತು. ನಾಗವೇಣಿ ಹಾಡಿದಳು, ದೀಪ ಆರಿತು, ತಲೆ ವಾಲಿತು. ನಮ್ಮ ನಾಲ್ಕು ಗಾಡಿಯ ಜನವೂ ಒಟ್ಟಿಗೇ ಕೂಗಿದರು: "ಒನ್ಸ್ ಮೋರ್!"

ತೆರೆಯ ಮೇಲೆ ರಾಜಕುಮಾರ ಆಗಲೇ ಕುದುರೆಯಿಂದ ಇಳಿದು ಅಳುತ್ತಿದ್ದ.

"ಒನ್ಸ್ ಮೋರ್!" ಎಂದು ಇನ್ನೂ ಜೋರಾಗಿ ಕೂಗಿದರು. ದೊಡ್ಡಣ್ಣನವರ ತಾಯಿ ಭದ್ರಮ್ಮ ಎಪ್ಪತ್ತು ವರ್ಷದವರು. ಬಟ್ಟೆಯ ಅಡ್ಡದ ಆಚೆ ಎದ್ದು ನಿಂತು ಬೆರಳು ತೋರಿಸಿದರು.

"ಏನಮ್ಮಾ, ಹತ್ತು ಮೈಲಿ ಗಾಡಿ ಮೇಲೆ ಬಂದಿದ್ದೀವಿ. ಇಷ್ಟು ಜನ ಕರೀತಾ ಇದ್ದೀವಿ. ಕಿವಿ ಕೇಳ್ಸಾಕಿಲ್ವಾ ನಿಂಗೆ?"

ಹೊಸೂರಿನವರು ಬಿದ್ದು ಬಿದ್ದು ನಕ್ಕರು. "ಅದು ಫಿಲಂ ಅಜ್ಜೀ, ಕೂತ್ಕೋ" ಎಂದು ಯಾರೋ ಕೂಗಿದರು. ಭದ್ರಮ್ಮ ಕುಳಿತರು, ಆದರೆ ಊರು ಮುಟ್ಟುವವರೆಗೂ ಆ ನಟಿಯ ಸೊಕ್ಕನ್ನು ಬೈಯುತ್ತಲೇ ಇದ್ದರು.

ಮರುದಿನ ಬೆಳಗ್ಗೆ ಕಟ್ಟೆಯ ಬಳಿ ಊರೆಲ್ಲ ಸೇರಿತು.

ರಾಜಕುಮಾರನ ಪಾತ್ರ ಮಾಡುವ ವೆಂಕಟಸ್ವಾಮಿ ಮೊದಲು ಎದ್ದ. "ನನ್ನ ಮಾತು ಕೇಳಿ. ಹತ್ತು ವರ್ಷದಿಂದ ಬಿದಿರು ಕುದುರೆ ಸೊಂಟಕ್ಕೆ ಕಟ್ಕೊಂಡು ಓಡಿ ಸೊಂಟಾನೇ ಹೋಯ್ತು. ಅವನು ನೋಡಿ, ಆರಾಮಾಗಿ ಕೂತವ್ನೆ. ಸಿನಿಮಾನೇ ಮೇಲು."

ಕೋಡಂಗಿಯ ಪಾತ್ರ ಮಾಡುವ ಪಾಪಯ್ಯನಿಗೆ ಸಿಟ್ಟು. "ನಿಂಗೇನ್ಲಾ, ಕುದುರೆ ಸಿಕ್ತು. ನನ್ನ ಪಾರ್ಟನ್ನೇ ಕಿತ್ತಾಕ್ಬುಟ್ಟವ್ರೆ! ಕೋಡಂಗಿ ಇಲ್ದೆ ಯಾವ ರಾಜ ರಾಜ್ಯ ಆಳ್ತಾನ್ಲಾ?"

"ನಿನ್ನಂಥವರು ಹಳ್ಳಿ ತುಂಬಾ ಇದ್ದಾರೆ ಅಂತ ಬಿಟ್ಟಿರ್ತಾರೆ," ಎಂದರು ಮಂಗಮ್ಮ. "ಅದಿರಲಿ, ದೀಪ ಹಚ್ಚೋನ ಮಗಳಿಗೆ ಗಳಿಗೆಗೊಂದು ಸೀರೆ ಎಲ್ಲಿಂದ ಬಂತು? ನಮ್ಮ ನಾಗವೇಣಿ ಉಡೋದು ನನ್ನ ಮದುವೆ ಸೀರೆ. ಮೊದಲಿಂದ ಕಡೇತನಕ ಅದೊಂದೇ."

ಎಲ್ಲರೂ ನಕ್ಕರು. ಆದರೂ ಎಳೆಯರಲ್ಲಿ ಹೆಚ್ಚಿನವರು ಕೋಟೆ ಚೆನ್ನಾಗಿತ್ತು, ಆನೆ ಚೆನ್ನಾಗಿತ್ತು, ಇನ್ನು ನಮ್ಮ ಹರಕು ಪರದೆ ಯಾರಿಗೆ ಬೇಕು ಎಂದೇ ಹೇಳಿದರು. ದೊಡ್ಡಣ್ಣನವರು ಮುತ್ತರಾಯಪ್ಪನ ಕಡೆ ತಿರುಗಿದರು.

"ನೀನು ಹೇಳಪ್ಪಾ. ನಿನ್ನ ಪಾರ್ಟು ಹೆಂಗಿತ್ತು?"

ಅವರು ಸಿನಿಮಾವನ್ನು ಹಳಿಯುತ್ತಾರೆಂದೇ ನಾನು ಎಣಿಸಿದ್ದೆ. ಹಳಿದಿದ್ದರೆ ತಪ್ಪೇನೂ ಇರಲಿಲ್ಲ.

"ನನಗಿಂತ ಚೆನ್ನಾಗಿ ಮಾಡವ್ಳೆ ಗೌಡ್ರೇ," ಎಂದರು ಮುತ್ತರಾಯಪ್ಪ. "ನಾನು ಅಳುವಾಗ ಎದೆ ಬಡ್ಕೊಂತೀನಿ, ನೆಲಕ್ಕೆ ಬೀಳ್ತೀನಿ. ಆಯಮ್ಮ ಒಂದು ಕೈನೂ ಎತ್ತಲಿಲ್ಲ. ದೀಪ ನೋಡ್ತಾ ಕೂತವ್ಳೆ, ಅಷ್ಟೆ. ನಂಗೆ ಕಣ್ಣಲ್ಲಿ ನೀರು ಬಂತು. ಹದಿನೈದು ವರ್ಷ ನಾನು ತಪ್ಪಾಗಿ ಅತ್ತಿದ್ದೀನಿ."

ಮಂಗಮ್ಮ ಗಂಡನ ಮುಖವನ್ನೇ ನೋಡುತ್ತಿದ್ದರು. ನಾಟಕದ ಕತೆ ಅಲ್ಲಿಗೆ ಮುಗಿಯಿತೆಂದುಕೊಂಡೆ. ಆಗ ಭದ್ರಮ್ಮ ಕೋಲೂರಿಕೊಂಡು ಮುಂದೆ ಬಂದರು.

"ಚೆನ್ನಾಗೇ ಅತ್ತವ್ಳೆ, ಇಲ್ಲ ಅನ್ನಾಕಿಲ್ಲ. ಆದ್ರೆ ಕರೆದ್ರೆ ಏಳಲಿಲ್ಲ. ಅವಳ ಪಾಡಿಗೆ ಅವಳು ಸತ್ತು ಹೋದ್ಲು. ನಮ್ಮ ಮುತ್ತರಾಯನ್ನ ಕರೀರಿ, ಸತ್ತಿದ್ರೂ ಏಳ್ತಾನೆ. ಕರೆದ್ರೆ ಓಗೊಡೋರು ಬೇಕು ಕಣ್ಲಾ ದೊಡ್ಡಣ್ಣ. ಪರದೆ ಬರೆಸು."

ತಾಯಿಯ ಮಾತನ್ನು ದೊಡ್ಡಣ್ಣನವರು ಮೀರುವವರಲ್ಲ. "ಈ ಒಂದು ವರ್ಷ ನೋಡಾನ," ಎಂದರು. "ಜನ ಕೂತ್ಕೊಂಡ್ರೆ ಮುಂದಕ್ಕೂ ಇರ್ತದೆ. ಎದ್ದು ಹೋದ್ರೆ ಇಲ್ಲ."

ಅಂದಿನಿಂದ ಸಂಕ್ರಾಂತಿಯವರೆಗೆ ಮುತ್ತರಾಯಪ್ಪ ದಿನವೂ ಸಂಜೆ ಶಾಲೆಗೆ ಬರುತ್ತಿದ್ದರು. ನನ್ನ ಕ್ಷೌರದ ಕನ್ನಡಿಯನ್ನು ಕಿಟಕಿಗೆ ಒರಗಿಸಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಹಾಡುತ್ತಿದ್ದರು. ಕೈಗಳು ಅಭ್ಯಾಸಬಲದಿಂದ ತಾವಾಗಿಯೇ ಎದ್ದು ಬರುತ್ತಿದ್ದವು. "ನೋಡಿ ಮೇಷ್ಟ್ರೇ, ಹಠಮಾರಿ ಎತ್ತಿನ ಹಂಗೆ," ಎಂದು ಅವನ್ನು ಮತ್ತೆ ಒಳಕ್ಕೆ ತಳ್ಳುತ್ತಿದ್ದರು.

ನಾಟಕದ ದಿನ ನಾಗವೇಣಿಯ ಸಾವಿನ ದೃಶ್ಯ ಬರುವ ಹೊತ್ತಿಗೆ ಮೂಡಲು ಕೆಂಪಾಗುತ್ತಿತ್ತು. ಮುತ್ತರಾಯಪ್ಪ ಎದೆ ಬಡಿದುಕೊಳ್ಳಲಿಲ್ಲ. ಹೊಸ ಪರದೆಯ ಕೋಟೆಯ ಮುಂದೆ ಕುಳಿತು, ದೀಪವನ್ನೇ ನೋಡುತ್ತ ಮೆಲ್ಲಗೆ ಹಾಡಿ, ಹಾಗೆಯೇ ಒರಗಿದರು. ಹಿಂದಿನ ಸಾಲಿನವರು ಗೊಣಗಿದರು. "ಏನ್ಲಾ ಇದು, ಅಳಲೇ ಇಲ್ಲ!" ಎಂದು ಒಬ್ಬ ಟವಲು ಕೊಡವಿ ಎದ್ದೇಬಿಟ್ಟ. ಅವನ ಹಿಂದೆ ಇನ್ನಿಬ್ಬರು ಎದ್ದರು.

"ಒನ್ಸ್ ಮೋರ್!" ಎಂದರು ಭದ್ರಮ್ಮ. ಒಬ್ಬರೇ.

ನಾಗವೇಣಿ ಎದ್ದು ಕುಳಿತಳು. ಈ ಸಲ ಧೂಳು ಕೊಡವಿಕೊಳ್ಳಲಿಲ್ಲ. ದೀಪ ನಿಜವಾಗಿಯೂ ಆರಿಹೋಗಿತ್ತು. ಆರಿದ ದೀಪವನ್ನು ಎರಡೂ ಕೈಯಲ್ಲಿ ಮರೆಮಾಡಿ ಹಿಡಿದು, ಇನ್ನೂ ಉರಿಯುತ್ತಿದೆ ಎಂಬಂತೆ ಅದೇ ಹಾಡನ್ನು ಹಾಡಿದಳು. ಎದ್ದಿದ್ದ ಮೂವರು ನಿಂತಲ್ಲೇ ನಿಂತರು, ಆಮೇಲೆ ಕುಳಿತರು. ಹೆಂಗಸರ ಕಡೆಯಿಂದ ಮೂಗು ಸೀಟುವ ಸದ್ದು ಕೇಳಿಸಿತು. ಅವಳು ಎರಡನೆಯ ಸಲ ಸತ್ತಾಗ ಮತ್ತೆ ಏಳೆಂದು ಕೂಗಲು ಯಾರಿಗೂ ಬಾಯಿ ಬರಲಿಲ್ಲ. ಬಿದಿರು ಕುದುರೆ ಕಟ್ಟಿಕೊಂಡು ಓಡಿಬಂದ ವೆಂಕಟಸ್ವಾಮಿ ಮಾತು ಮರೆತು, ಸುಮ್ಮನೆ ಪಕ್ಕದಲ್ಲಿ ಕುಳಿತು ಅತ್ತುಬಿಟ್ಟ.

ನಾಟಕ ನಿಲ್ಲಲಿಲ್ಲ. ನನಗೆ ವರ್ಗವಾಯಿತು, ನಿವೃತ್ತಿಯೂ ಆಯಿತು. ಆದರೆ ಸಂಕ್ರಾಂತಿ ಕಳೆದ ಮೇಲೆ ನಾನು ಆ ಊರಿಗೆ ಹೋಗದ ವರ್ಷವಿಲ್ಲ. ಮುತ್ತರಾಯಪ್ಪನವರಿಗೆ ಈಗ ಎಪ್ಪತ್ತು ದಾಟಿದೆ. ಜಡೆ ಹೋಗಿ ಬಿಳಿಯ ಮೀಸೆ ಬಂದಿದೆ. ಮಂಗಮ್ಮನವರಿಗೆ ಬಾಚಣಿಗೆ ಹೊತ್ತಿಗೆ ಸರಿಯಾಗಿ ಸಿಗುತ್ತದಂತೆ. ರಾಜಕುಮಾರನಾಗುವವನು ಹೊಸೂರಿನ ಲಾರಿ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುತ್ತಾನೆ. ನಾಗವೇಣಿಯಾಗುವವಳು ವೆಂಕಟಸ್ವಾಮಿಯ ಮೊಮ್ಮಗಳು, ಹೈಸ್ಕೂಲು ಹುಡುಗಿ.

ಹೋದ ವಾರ ಹೋಗಿದ್ದಾಗ ಅಭ್ಯಾಸ ನಡೆಯುತ್ತಿತ್ತು. ಹುಡುಗಿ ಸತ್ತು ಮಲಗಿದ್ದಳು. ಮುತ್ತರಾಯಪ್ಪ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದರು.

"ಕೂಗಿದ ಕೂಡ್ಲೆ ಏಳಬ್ಯಾಡ ಕಣವ್ವಾ. ಒಂದು ಉಸಿರು ತಡಿ. ಎದ್ಮೇಲೆ ಸೀರೆ ಕೊಡವಬ್ಯಾಡ, ಮೊದಲು ದೀಪ ನೋಡು."

ಆಮೇಲೆ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಸುಮ್ನೆ ಕೂತಿದ್ದೀರಲ್ಲ, ಒನ್ಸ್ ಮೋರ್ ಅನ್ನಿ."