ಊಮ್ ಅಪೂಲ್ಸನ ಕೈಗತ್ತರಿ

ನಮ್ಮ ಕರೂ ಎಂಬ ಒಣ ಬಯಲಿನಲ್ಲಿ ಊಮ್ ಅಪೂಲ್ಸನಷ್ಟು ನಾಜೂಕಾಗಿ ಕುರಿಯ ಉಣ್ಣೆ ಕತ್ತರಿಸುವವರು ಇರಲಿಲ್ಲ. ಊಮ್ ಅಂದರೆ ನಮ್ಮ ಕಡೆ ಮಾಮ. ಮೂವತ್ತು ವರ್ಷ ಆ ಉಣ್ಣೆ ವಿಂಗಡಿಸಿದವಳು ನಾನು. ಸುಳ್ಳೆನ್ನುವವರು ಮುಂದೆ ಬರಲಿ.

ವಿದ್ಯುತ್ ಕತ್ತರಿ ಬಂದಾಗ ಧಣಿಗಳು ಅವನನ್ನು ಮೂಲೆಗೆ ತಳ್ಳಿದರು. ಆಮೇಲೆ ಆಕಾಶದ ರೇಡಿಯೋ ಅಲೆಗಳಿಗೆ ಕಿವಿಗೊಡುವ ದೊಡ್ಡ ತಟ್ಟೆಗಳು, ವಿಜ್ಞಾನಿಗಳ ದೂರದರ್ಶಕಗಳು, ಬಂದವು. ಮೋಟಾರಿನ ಕಿಡಿಯಿಂದ ಅವುಗಳ ಕಿವಿ ಕೆಡುತ್ತದಂತೆ. ವಿದ್ಯುತ್ ಕತ್ತರಿಗೆ ನಿಷೇಧ ಬಿತ್ತು. ಅದೇ ಧಣಿಗಳು ಅಪೂಲ್ಸನ ಬಾಗಿಲು ಬಡಿದರು. ಅವನು ನಾಲ್ಕು ವರ್ಷ ಮೆರೆದ. ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಅಂತಾರೆ. ಇಲ್ಲಿ ಕೊಬ್ಬಿದ್ದು ತಟ್ಟೆ. ಅವಕ್ಕೆ ಇನ್ನಷ್ಟು ಜಾಗ ಬೇಕಾಗಿ ಕೊನೆಯ ಕುರಿಯೂ ಲಾರಿ ಹತ್ತಿತು.

ಕೈಗೊಂದು ಕುರಿ ಸಿಕ್ಕರೆ ಸಾಕೆಂದು ಅವನು ಹಂಬಲಿಸುತ್ತಿದ್ದಾಗ, ನಾನು ಈಗ ಕಸ ಗುಡಿಸುವ, ತಟ್ಟೆಯವರ ಪ್ರದರ್ಶನಾಲಯದ ಡ್ರೇಯರ್ ಮೇಡಂ ಅವನಿಗೆ ಕೆಲಸ ಕೊಟ್ಟರು. ನೀಲಿ ಅಂಗಿ, ಎದೆಯ ಮೇಲೆ 'ಸ್ಥಳೀಯ ಪರಂಪರೆ' ಎಂಬ ಬಿಲ್ಲೆ. ಕುರಿ ಮಾತ್ರ ಸತ್ತದ್ದು, ತೊಗಲಿನೊಳಗೆ ಹುಲ್ಲು ತುಂಬಿ ನಿಲ್ಲಿಸಿದ್ದು.

"ಮೇಡಂ, ಜೀವ ಇರೋದು ಒಂದೇ ಒಂದು ತರಿಸಿ," ಎಂದ.

"ನೆಲ ಗಲೀಜಾಗುತ್ತೆ ಊಮ್. ನೀವು ಸುಮ್ನೆ ಕತ್ತರಿ ಹಿಡ್ಕೊಂಡು ನಿಂತ್ರೆ ಸಾಕು."

ಪಕ್ಕದ ಗೋಡೆಯಲ್ಲಿ ಒಂದು ಸುರುಳಿ ಗ್ಯಾಲಕ್ಸಿಯ ಚಿತ್ರ. ಅದು ಗ್ಯಾಲಕ್ಸಿಗಳ ದೊಡ್ಡ ಗುಂಪಿನೊಳಗೆ ನುಗ್ಗುತ್ತಿದೆಯಂತೆ. ಗುಂಪಿನ ನಡುವೆ ತುಂಬಿರುವ ಬಿಸಿ ಅನಿಲ ಎದುರುಗಾಳಿಯ ಹಾಗೆ ಹೊಡೆದು ಅದರ ಅನಿಲವನ್ನು ಕಿತ್ತು ಹಿಂದಕ್ಕೆ ಚೆಲ್ಲುತ್ತಿದೆಯಂತೆ.

"ಆ ಅನಿಲ ಮತ್ತೆ ಬೆಳೆಯುತ್ತಾ?" ಅಪೂಲ್ಸ್ ಮೇಡಂರನ್ನು ಕೇಳಿದ.

"ಇಲ್ಲ ಊಮ್. ಹೋದದ್ದು ಹೋಯ್ತು. ಇನ್ನು ಅದರಲ್ಲಿ ಹೊಸ ನಕ್ಷತ್ರ ಹುಟ್ಟಲ್ಲ."

"ಅಯ್ಯೋ ಪಾಪ. ಹಾಗಾದ್ರೆ ಅದು ಉಣ್ಣೆ ಕತ್ತರಿಸೋದಲ್ಲ, ಚರ್ಮ ಸುಲಿಯೋದು."

ಒಂದು ದಿನ ಮಂತ್ರಿ ಬಂದರು. "ಎಲ್ಲಿ, ಕತ್ತರಿಸಿ ನೋಡೋಣ," ಎಂದು ಬಾಯಿಮಾತಿಗೆ ಹೇಳಿದರು. ಅಪೂಲ್ಸ್ ಬಿಡುತ್ತಾನೆಯೇ? ಆ ಹುಲ್ಲು ತುಂಬಿದ ಕುರಿಯ ಹೊಟ್ಟೆಯಿಂದ ಶುರುಮಾಡಿ, ಒಂದು ಗೀರೂ ಬೀಳದಂತೆ, ಇಡೀ ಉಣ್ಣೆಯನ್ನು ಕಂಬಳಿಯ ಹಾಗೆ ಬಿಚ್ಚಿಟ್ಟ. ಚಪ್ಪಾಳೆಯೋ ಚಪ್ಪಾಳೆ. ನನಗೆ ಕಣ್ಣಲ್ಲಿ ನೀರು ಬಂತು.

ಮಂತ್ರಿ ಕಾರು ಹತ್ತಿದ್ದೇ ತಡ, ಮೇಡಂ ಕೆಂಡವಾದರು. "ಏನ್ ಮಾಡಿದ್ರಿ ಊಮ್? ಇದಕ್ಕೆ ಮತ್ತೆ ಉಣ್ಣೆ ಬರುತ್ತಾ? ನಾಳೆ ಬಂದೋರಿಗೆ ಏನ್ ತೋರಿಸ್ಲಿ?"

ಅಪೂಲ್ಸ್ ನೀಲಿ ಅಂಗಿ ಕಳಚಿ ಬೋಳು ಕುರಿಗೆ ಹೊದಿಸಿದ. ಬಿಲ್ಲೆ ಕಾಣುವಂತೆ ಸರಿಮಾಡಿದ. ಗೋಡೆಯ ಗ್ಯಾಲಕ್ಸಿಯ ಕಡೆ ಕೈ ತೋರಿಸಿದ.

"ಅದನ್ನೂ ಸುಲಿದ ಮೇಲೇ ತಾನೆ ತೋರಿಸ್ತಿರೋದು ಮೇಡಂ? ಇದನ್ನೂ ಅದರ ಪಕ್ಕ ನಿಲ್ಲಿಸಿ. ನಾನು ಜೀವ ಇರೋ ಕುರಿ ಹುಡುಕ್ಕೊಂಡು ಹೋಗ್ತೀನಿ."

ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ. ಮೂರು ದಿನ ನಡೆದರೂ ಆ ಬಯಲಿನಲ್ಲಿ ಒಂದು ಕುರಿ ಸಿಗದೆಂದು ನಾನು ಹೇಳಲಿಲ್ಲ. ಅವನಿಗೇ ಗೊತ್ತಿತ್ತು.