ಬಾಡಿಗೆಗೆ ಬಂದ ಕುರ್ಚಿ

ಎಲೆ ಅಡಿಕೆ ಹಾಕುವ ಜನ ಬೆರಳಿಗೆ ಉಳಿದ ಸುಣ್ಣವನ್ನು ಎಲ್ಲಿ ಒರೆಸುತ್ತಾರೆ ಎಂದು ತಿಳಿಯಬೇಕಾದರೆ ಬಾಡಿಗೆಯ ಮೇಜೊಂದನ್ನು ಮನೆಗೆ ತರಿಸಿ ಕವುಚಿ ಹಾಕಬೇಕು. ನಾನು ಹಾಕಿದ್ದೇನೆ. ಅಂಚಿನುದ್ದಕ್ಕೂ ಸುಣ್ಣದ ಗಂಟುಗಳು, ನಡುನಡುವೆ ಒಣಗಿದ ಸಾರಿನ ತೊಟ್ಟು, ಅದರ ಮೇಲೆ ಎಷ್ಟು ಮದುವೆಗಳದ್ದೋ ಎಣ್ಣೆಯ ಜಿಡ್ಡು. ಚಾಕುವಿನಿಂದ ಕೆರೆದೆ. ಕೆರೆದದ್ದು ಉಗುರಿನ ಸಂದಿಗೆ ಸೇರಿತು. ಆ ದಿನ ರೊಟ್ಟಿ ಬಡಿಯಲು ನನಗೆ ನನ್ನ ಕೈಯೇ ಬೇಡವಾಗಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನನ್ನ ತವರು ಲಕ್ಷ್ಮೇಶ್ವರ, ಗಂಡನ ಊರು ಮುಂಡರಗಿ. ಅವರು ಗದಗಿನ ಒಂದು ಹತ್ತಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮದುವೆಯಾದ ಮೇಲೆ ಮೂರು ತಿಂಗಳು ನಾನು ಅತ್ತೆಯ ಬಳಿ ಇದ್ದೆ. ಆಮೇಲೆ ಗದಗಿಗೆ ಅಂಟಿಕೊಂಡ ಬೆಟಗೇರಿಯ ನೇಕಾರರ ಓಣಿಯಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದು ಬೇರೆ ಸಂಸಾರ ಹೂಡಿದೆವು. ಮುಂದಿನ ಭಾಗದಲ್ಲಿ ಮನೆಯ ಒಡತಿ, ಗಂಡ ತೀರಿಕೊಂಡಿದ್ದ ವಯಸ್ಸಾದ ಹೆಂಗಸು. ನಾನು ಅವಳನ್ನು ಆಯಿ ಎಂದು ಕರೆಯುತ್ತಿದ್ದೆ. ಅವಳ ಮಗ್ಗದ ಸದ್ದು ಬೆಳಿಗ್ಗೆಯಿಂದ ಸಂಜೆಯವರೆಗೆ ನಮ್ಮ ಗೋಡೆಗೆ ಬಡಿಯುತ್ತಿತ್ತು. ನಮ್ಮ ಕಡೆ ಇದ್ದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಸ್ಟೋವು, ನಾಲ್ಕಾರು ಪಾತ್ರೆ.

ನನಗೆ ಅಷ್ಟೇ ಸಾಕಾಗಿತ್ತು. ಆದರೆ ಮದುವೆಯ ಮಾತುಕತೆಯಲ್ಲಿ ಗಂಡನ ಕಡೆಯವರು, ಹುಡುಗ ಗದಗಿನಲ್ಲಿ ಮಂಚ, ಮೇಜು, ಕುರ್ಚಿ ಎಲ್ಲ ಇಟ್ಟು ಮನೆ ಮಾಡಿದ್ದಾನೆ ಎಂದು ಹೇಳಿಬಿಟ್ಟಿದ್ದರು. ಅಪ್ಪ ಅದನ್ನು ನಂಬಿದ್ದರು. ಸುಳ್ಳು ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನನ್ನು ಕಳಿಸುವಾಗ ಹೇಳಿದ್ದು ಒಂದೇ ಮಾತು: “ಅಲ್ಲಿ ಏನರ ಸುಳ್ಳು ಕಂಡ್ರ ಹೇಳವ್ವಾ, ಮರುದಿನ ಬಂದು ಕರಕೊಂಡು ಹೋಗ್ತೀನಿ.” ಅದು ಬರೀ ಬಾಯಿಮಾತಲ್ಲ. ಶಿರಹಟ್ಟಿಗೆ ಕೊಟ್ಟಿದ್ದ ನನ್ನ ಅಕ್ಕನನ್ನು ಎಂಟು ತಿಂಗಳಿಗೆ ಹಾಗೆಯೇ ಕರೆತಂದಿದ್ದರು. ಅಕ್ಕ ಆಮೇಲೆ ಅಡುಗೆಮನೆಯ ಮೂಲೆ ಬಿಟ್ಟು ಹೊರಗೆ ಬಂದಿರಲಿಲ್ಲ. ಯಾರ ಸೀಮಂತಕ್ಕೂ ಅವಳನ್ನು ಕರೆಯುತ್ತಿರಲಿಲ್ಲ. ಆ ಮೂಲೆಯಲ್ಲಿ ಅವಳ ಪಕ್ಕ ಹೋಗಿ ಕೂಡುವುದು ನನಗೆ ಬೇಡವಾಗಿತ್ತು.

ಅಪ್ಪನ ಕಾರ್ಡು ಬಂತು. ಸೋಮವಾರ ಬಂದು ಮನೆ ನೋಡಿ ಹೋಗುತ್ತೇನೆ ಎಂದು ಬರೆದಿದ್ದರು. ಗಂಡನ ಮುಖ ಇಳಿದುಹೋಯಿತು.

“ಮಾವಾರನ್ನ ಹಾಸಿಗಿ ಸುರಳಿ ಮ್ಯಾಲ ಕುಂಡ್ರಸಾಕ ಆಗ್ತೈತೇನು?” ಎಂದವರೇ, ಮದುವೆ ಮುಂಜಿವೆಗೆ ಪೆಂಡಾಲು, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿಗೆ ಓಡಿದರು. ಶನಿವಾರ ಮಧ್ಯಾಹ್ನ ಕೈಗಾಡಿ ಬಂತು. ಮಂಚ, ಗಾದಿ, ಆಗ ಹೇಳಿದ ಮೇಜು, ಎರಡು ಮಡಚುವ ಕುರ್ಚಿ, ಮತ್ತು ಎತ್ತರದ ಬೆನ್ನಿನ, ಕೈಗಳಿರುವ ಒಂದು ಮರದ ಕುರ್ಚಿ. ಗಾಡಿಯವನು ಅದನ್ನು ಕೊನೆಗೆ ಇಳಿಸಿ, “ಕೈ ಇರೂ ಕುರ್ಚೀನ ಬೇಕಂದಿದ್ರಲ್ರಿ, ಅಂಗಡ್ಯಾಗ ಇದೊಂದ ಇತ್ತು” ಎಂದು ನನ್ನ ಮುಖ ನೋಡದೆ ಹೋದ.

ಗಾದಿಯನ್ನು ಬಿಸಿಲಿಗೆ ಹಾಕಿದೆ. ಬಿಸಿಲು ತಾಗಿದ್ದೇ ತಡ, ಅದರೊಳಗಿದ್ದ ಊರವರ ಬೆವರು, ಕೊಬ್ಬರಿ ಎಣ್ಣೆ, ಯಾವುದೋ ಕೂಸಿನ ಉಚ್ಚೆ ಎಲ್ಲ ಒಟ್ಟಿಗೆ ಎದ್ದು ಬಂದು ಮೂಗಿಗೆ ಬಡಿಯಿತು. ಮಂಚದ ಕಾಲನ್ನು ಅಂಗಳದ ಕಲ್ಲಿಗೆ ಕುಟ್ಟಿದರೆ ತಗಣೆಗಳು ಉದುರಿದವು. ಕುದಿಯುವ ನೀರು ಸುರಿದೆ. ಸತ್ತ ತಗಣೆಯ ನಾತ ಗೊತ್ತಿದ್ದವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಳಿ ನಾನ್ಯಾಕೆ ಅವರ ಊಟ ಕೆಡಿಸಲಿ? ಇಷ್ಟರ ನಡುವೆ ನನ್ನ ಗಂಡ ಒಂದೊಂದು ಕುರ್ಚಿಯಲ್ಲಿ ಒಂದೊಂದು ಸಲ ಕೂತು, ಕಾಲು ಚಾಚಿ, “ಈಗ ನೋಡು, ಮನಿ ಅಂದ್ರ ಮನಿ ಆತು” ಎಂದು ಹಲ್ಲು ಕಿರಿಯುತ್ತಿದ್ದರು. ಕುರ್ಚಿಗಳ ಹಿಂಬದಿಗೆ ಕೆಂಪು ಬಣ್ಣದಲ್ಲಿ ಬರೆದಿದ್ದ ಅಂಗಡಿಯ ಗುರುತನ್ನು ಬ್ಲೇಡಿನಿಂದ ಕೆರೆದು ತೆಗೆದದ್ದು ಬಿಟ್ಟರೆ ಮಹಾರಾಯರು ಮತ್ತೇನೂ ಮಾಡಲಿಲ್ಲ. ಆ ಕ್ಷಣ ನನಗೆ ತಗಣೆಗಿಂತ ಅವರ ಮೇಲೇ ಹೆಚ್ಚು ಹೇಸಿಗೆ ಬಂದಿತ್ತು.

ಎತ್ತರದ ಕುರ್ಚಿ ಮಾತ್ರ ನನಗೆ ಮೆಚ್ಚುಗೆಯಾಯಿತು. ಗಟ್ಟಿ ತೇಗದ್ದು. ಬೆನ್ನಿನ ಮೇಲ್ತುದಿಯಲ್ಲಿ ಎರಡು ದೊಡ್ಡ ಮೊಳೆ ಹೊಡೆದಿದ್ದರು. ಕೆತ್ತನೆಯ ಸಂದಿಯಲ್ಲೆಲ್ಲ ಬಿಳಿ ಪುಡಿ ಕೂತಿತ್ತು; ಎಷ್ಟು ಒರೆಸಿದರೂ ಬಟ್ಟೆ ಬೆಳ್ಳಗಾಗುತ್ತಿತ್ತು. ಕೂಡುವ ಹಲಗೆಯ ಸಂದಿಯಿಂದ ಬಾಡಿದ ಚೆಂಡು ಹೂವಿನ ಎಸಳು ಸಿಕ್ಕವು. ಮದುಮಗನನ್ನು ಕೂಡಿಸುವ ಕುರ್ಚಿ ಇದು, ಮೊಳೆಗೆ ಹಾರ ಕಟ್ಟುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅಪ್ಪನಿಗೆ ಇದೇ ಸರಿ ಎಂದು ಬಾಗಿಲಿಗೆ ಎದುರಾಗಿ, ಗಾಳಿ ಬರುವ ಕಡೆ ಇಟ್ಟೆ.

ಸೋಮವಾರ ಬೆಳಿಗ್ಗೆ ಆಯಿ ಮಗ್ಗ ಬಿಟ್ಟು ನಮ್ಮ ಹೊಸ ಸಾಮಾನು ನೋಡಲು ಬಂದಳು. ಹೊಸ್ತಿಲ ಮೇಲೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದಳು.

“ಯವ್ವಾ, ಇದನ್ಯಾಕ ತಂದೀರಿ?”

“ಯಾಕ ಆಯಿ? ಮದುವಿ ಕುರ್ಚಿ ಅಲ್ಲೇನು?”

“ಎಲ್ಲೀ ಮದುವಿ? ಹ್ವಾದ ವರ್ಷ ನಮ್ಮ ಮನಿಯವ್ರನ್ನ ಇದರಾಗ ಕುಂಡ್ರಿಸಿದ್ವಿ. ಆ ಮೊಳಿ ನೋಡು. ತಲಿ ವಾಲಬಾರದಂತ ವಸ್ತ್ರ ಬಿಗಿದು ಅದಕ್ಕ ಕಟ್ಟಿದ್ವಿ.”

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಹೂವು ಏರಿಸಿ ಕುಳ್ಳಿರಿಸುತ್ತಾರೆ. ಬಂದವರು ಪಾದ ಮುಟ್ಟಿ ಹೋಗುತ್ತಾರೆ. ನಮ್ಮ ಅಜ್ಜನ ಪಾದವನ್ನು ನಾನೂ ಮುಟ್ಟಿ ಹಣೆಗೆ ಒತ್ತಿಕೊಂಡಿದ್ದೆ, ಆಗ ಹೇಸಿಗೆ ಎನ್ನುವುದು ಮನಸ್ಸಿಗೇ ಬಂದಿರಲಿಲ್ಲ. ಆದರೆ ಎರಡು ದಿನದಿಂದ ನಾನು ಒರೆಸಿ ತೆಗೆಯುತ್ತಿದ್ದ ಪುಡಿ ಯಾರು ಯಾರದೋ ಕೊನೆಯ ವಿಭೂತಿ. ಅದೇ ಬಟ್ಟೆಯಿಂದ ಮೇಜನ್ನೂ ಒರೆಸಿದ್ದೆ. ಇಂಥದ್ದನ್ನು ಬದುಕಿರುವವರ ಮನೆಗೆ ಕಳಿಸಿದ ಅಂಗಡಿಯವನನ್ನು ಬಾಯಿಗೆ ಬಂದಂತೆ ಬೈದೆ. ಕುರ್ಚಿಯನ್ನು ಹಿತ್ತಲಿಗೆ ಎಳೆಯಬೇಕು ಎಂದು ಸೆರಗು ಸಿಗಿಸಿದೆ.

ಅಷ್ಟರಲ್ಲಿ ಅಂಗಳದಲ್ಲಿ ಅಪ್ಪನ ಕೆಮ್ಮು ಕೇಳಿತು. ಬಸ್‌ ಸ್ಟ್ಯಾಂಡಿನಿಂದ ಅವರನ್ನು ಕರೆತಂದ ಗಂಡ, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ಬುತ್ತಿಯ ಗಂಟು ಹಿಡಿದು ಮುಂದೆ ಬಂದರು. “ಬರ್ರಿ ಮಾವಾರ, ಕುಂಡ್ರಿ” ಎಂದು ಆ ಕುರ್ಚಿಯನ್ನೇ ಎಳೆದು ಹಾಕಿದರು. ಅವರಿಗೇನೂ ಗೊತ್ತಿರಲಿಲ್ಲ, ಪಾಪ.

ನಾನು ಬಾಯಿ ತೆರೆದೆ. ಆಯಿ ನನ್ನನ್ನೇ ನೋಡುತ್ತಿದ್ದಳು. ಕೂಡಬೇಡಿ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಕುರ್ಚಿ ಎಲ್ಲಿಂದ ಬಂತು ಎಂದು ಹೇಳಬೇಕು. ಕುರ್ಚಿಯ ಜೊತೆ ಮಂಚ, ಮೇಜು ಎಲ್ಲ ಹೊರಬೀಳುತ್ತವೆ, ಸಂಜೆಯ ಬಸ್ಸಿಗೆ ಅಪ್ಪನ ಜೊತೆ ನಾನೂ ಹತ್ತುತ್ತೇನೆ. ಅಡುಗೆಮನೆಯ ಮೂಲೆಯಲ್ಲಿ ಕೂತ ಅಕ್ಕನ ಮುಖ ಕಣ್ಣಿಗೆ ಕಟ್ಟಿತು. ತೆರೆದ ಬಾಯಿ ಮುಚ್ಚಿಕೊಂಡೆ. ಅಪ್ಪ ಕೂತರು. ಆಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಟುಹೋದಳು.

ಅಪ್ಪ ಕುರ್ಚಿಯ ಕೈಗಳ ಮೇಲೆ ಅಂಗೈ ಆಡಿಸಿದರು. ಒರಗಿದರು. ತಲೆಯ ಹಿಂದೆ ಏನೋ ಒತ್ತಿತೆಂದು ಕಾಣುತ್ತದೆ, ಕೈ ಹಿಂದಕ್ಕೆ ಹಾಕಿ ಮೊದಲು ಒಂದು ಮೊಳೆ, ಆಮೇಲೆ ಇನ್ನೊಂದು ಮೊಳೆ ಮುಟ್ಟಿದರು. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಯಾರು ತೀರಿಕೊಂಡರೂ ಮೈ ತೊಳೆದು ಕುಳ್ಳಿರಿಸಲು ಮೊದಲು ಕರೆಯುತ್ತಿದ್ದದ್ದು ನಮ್ಮ ಅಪ್ಪನನ್ನೇ. ಎಷ್ಟು ಜನರ ತಲೆಯನ್ನು ಅವರು ನೆಟ್ಟಗೆ ನಿಲ್ಲಿಸಿ ವಸ್ತ್ರ ಕಟ್ಟಿದ್ದರೋ. ಅವರ ಬೆರಳಿಗೆ ಆ ಮೊಳೆಯ ಕೆಲಸವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಕುರ್ಚಿ ಘಟ್ಟಿ ಐತಿ” ಎಂದರು. ಎದ್ದೇಳಲಿಲ್ಲ. ಅದರಲ್ಲೇ ಕೂತು ಚಹಾ ಕುಡಿದರು. ಊಟವಾದ ಮೇಲೆ ಗಂಡ ಮಂಚದ ಮೇಲೆ ಅಡ್ಡಾಗಲು ಎಷ್ಟು ಹೇಳಿದರೂ “ಇಲ್ಲೇ ಛಲೋ ಐತಿ” ಎಂದು ಮತ್ತೆ ಅಲ್ಲೇ ಬಂದು ಕೂತರು. ಮಧ್ಯಾಹ್ನವಿಡೀ ನಾನು ಅವರ ಕಡೆ ಬೆನ್ನು ಮಾಡಿಕೊಂಡು, ತೊಳೆದ ಪಾತ್ರೆಯನ್ನೇ ತೊಳೆಯುತ್ತ ಕೂತೆ.

ಸಂಜೆ ಬಸ್‌ ಸ್ಟ್ಯಾಂಡಿನಲ್ಲಿ, ಗಂಡ ಎಲೆ ಅಡಿಕೆ ತರಲು ಹೋದಾಗ, ಅಪ್ಪ ಕೇಳಿದರು: “ಸಾಮಾನು ಬಾಡಿಗೀವು, ಹೌದಲ್ಲ?”

ಹೌದು ಎಂದು ತಲೆ ಆಡಿಸಿದೆ.

“ಒಳಗ ಕಾಲಿಟ್ಟ ಕೂಡ್ಲೆ ತಿಳೀತು. ಇರ್ಲಿ, ನನ್ನ ಮುಂದ ಚಂದ ಕಾಣ್ಲಿ ಅಂತ ತಂದಾನ. ಹುಡುಗ ಕೆಟ್ಟಾಂವಲ್ಲ. ಇಷ್ಟಕ್ಕ ಯಾರರ ಮಗಳನ್ನ ಕರಕೊಂಡು ಹೋಗ್ತಾರೇನು?”

ಮೂರು ದಿನ ನಾನು ಹೊತ್ತು ತಿರುಗಿದ ಹೆದರಿಕೆ ಅಷ್ಟು ಸಸಾರವಾಗಿ ಮುಗಿದುಹೋಯಿತು. ಆಮೇಲೆ ಅವರು ದನಿ ಇಳಿಸಿದರು.

“ಆದ್ರ ಆ ಕುರ್ಚಿ ಎಂಥಾದ್ದು ಅಂತ ನಿನಗ ಗೊತ್ತಿತ್ತೇನು ಯವ್ವಾ?”

“ಇಲ್ಲಪ್ಪಾ” ಎಂದೆ.

“ಅದನ್ನ ಅಂತೀನಿ. ಗೊತ್ತಿದ್ದೂ ನನ್ನ ಕುಂಡ್ರಿಸೂವಾಕಿ ಅಲ್ಲ ನೀ.” ನನ್ನ ತಲೆಯ ಮೇಲೆ ಕೈಯಿಟ್ಟು ಬಸ್ಸು ಹತ್ತಿದರು.

ಅಂದಿನಿಂದ ಅಪ್ಪನಿಗೆ ಅದೊಂದು ಕತೆಯಾಯಿತು. ಎಂಬತ್ತರ ದಶಕದುದ್ದಕ್ಕೂ, ತವರಿನಲ್ಲಿ ನಾಲ್ಕು ಜನ ಸೇರಿದರೆ ಸಾಕು, ತಾವು ಜೀವಂತ ಇದ್ದಾಗಲೇ ಹೆಣದ ಕುರ್ಚಿಯಲ್ಲಿ ಕೂತು ಚಹಾ ಕುಡಿದದ್ದನ್ನು ಕಣ್ಣಲ್ಲಿ ನೀರು ಬರುವಷ್ಟು ನಗುತ್ತ ಹೇಳುತ್ತಿದ್ದರು. ಕೇಳಿದವರು ಹೌಹಾರಿ ನನ್ನ ಕಡೆ ತಿರುಗುತ್ತಿದ್ದರು. “ಆಕೀಗೇನು ಗೊತ್ತು ಪಾಪ, ಆಕೀಗಿ ಗೊತ್ತಿದ್ದಿಲ್ಲ” ಎಂದು ಅಪ್ಪ ನನ್ನ ಪರವಾಗಿ ವಾದಿಸುತ್ತಿದ್ದರು. ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು. ಆದರೂ ಪ್ರತಿ ಸಲ, ಎಲ್ಲರ ಜೊತೆ ನಾನೂ ನಕ್ಕೆ.