ಬಸ್ಸಿನಲ್ಲಿ ಬಂದ ಬಾವಿ ನೀರು

ಡಬ್ಬ ತಗಡಿನದೋ ಹಿತ್ತಾಳೆಯದೋ, ಈಗ ಆಣೆ ಮಾಡಿ ಹೇಳಲಾರೆ. ನಾನು ಚಿಕ್ಕವಳಿದ್ದಾಗ, ಏಳೋ ಎಂಟೋ ವರ್ಷ, ಅಪ್ಪ ಉಳವಿಯ ಬಾವಿ ನೀರನ್ನು ಬಸ್ಸಿನಲ್ಲಿ ನಮ್ಮೂರು ಉಡುತಡಿಗೆ ತಂದದ್ದಂತೂ ನಿಜ. ನೀರು ತುಳುಕಿ ನನ್ನ ಲಂಗ ಒದ್ದೆಯಾಗಿತ್ತು. ಆದರೆ ಪುಟ್ಟಿ, ಇದನ್ನು ನಿನಗೂ ನಿನ್ನ ತಮ್ಮನಿಗೂ ಎಷ್ಟು ಸಲ ಹೇಳಿದ್ದೇನೆಂದರೆ, ನೆನಪಿರುವುದು ಆ ದಿನವೋ ನನ್ನ ಮಾತೋ ತಿಳಿಯದಾಗಿದೆ.

ಅದರ ಹಿಂದಿನ ವರ್ಷ ಅವ್ವ ತೀರಿಕೊಂಡಿದ್ದಳು. ಹದಿಮೂರರ ಅಕ್ಕನನ್ನು ಶಾಲೆ ಬಿಡಿಸಿದರು. ಒಲೆ, ಬೂದಿಯಲ್ಲಿ ಉಜ್ಜುವ ಪಾತ್ರೆ, ಕೊಟ್ಟಿಗೆ, ನನ್ನ ಜಡೆ ಎಲ್ಲ ಅವಳ ಪಾಲಿಗೆ ಬಂತು. ಅವಳು ಅತ್ತದ್ದನ್ನು ನಾನು ಕಾಣಲಿಲ್ಲ. ಕೆಲವು ವಾರಗಳಲ್ಲಿ ಅವಳ ಬೆರಳ ಸಂದಿಯಲ್ಲಿ ಸಬ್ಬಕ್ಕಿಯಂಥ ನೀರುಗುಳ್ಳೆಗಳು ಎದ್ದವು. ತುರಿಸಿ ತುರಿಸಿ ಒಡೆದು ಅಂಗೈಯೆಲ್ಲ ಬಿರುಕು ಬಿಟ್ಟಿತು. ಉಪ್ಪು ತಾಗಿದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಅಪ್ಪ ಬೇವಿನೆಣ್ಣೆ ಹಚ್ಚಿದರು. ಪಕ್ಕದ ಮನೆಯವರು ಕಜ್ಜಿ ಎಂದರು. ಒಂದು ದಿನ ಅವಳು ಕೈತುತ್ತು ಕೊಡಲು ಬಂದಾಗ ನಾನು ಅಂಗೈ ಒಡ್ಡಲಿಲ್ಲ, ತಟ್ಟೆ ಒಡ್ಡಿದೆ. ಮರುದಿನದಿಂದ ಅವಳು ಸೌಟಿನಲ್ಲಿ ಬಡಿಸಿದಳು.

ಸೊರಬದ ಕಡೆ, ಉಳವಿಯಲ್ಲಿದ್ದ ಚಿಕ್ಕಮ್ಮ ಅವಳನ್ನು ಹದಿನೈದು ದಿನ ಕರೆದುಕೊಂಡು ಹೋದಳು. ಕರೆತರಲು ಅಪ್ಪನೂ ನಾನೂ ಹೋದೆವು. ಅಕ್ಕ ಜಗಲಿಯಲ್ಲಿ ಕೂತು ಚಿಕ್ಕಮ್ಮನ ಮಕ್ಕಳ ಜೊತೆ ಅಳಗುಳಿಮಣೆ ಆಡುತ್ತಿದ್ದಳು. ಹುಣಸೆ ಬೀಜ ತುಂಬಿದ ಅವಳ ಅಂಗೈ ನಯವಾಗಿತ್ತು. ಅಪ್ಪ ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಿಮ್ಮ ಬಾವಿ ನೀರಿನ ಗುಣ ನೋಡಮ್ಮ."

"ನೀರೂ ಇಲ್ಲ ಗೀರೂ ಇಲ್ಲ ಭಾವ. ಕೂಸು ಹೊತ್ತೇರೋ ತನಕ ಮಲಗ್ತಿತ್ತು, ಅಷ್ಟೇಯ. ಇಲ್ಲೇ ಇರ್ಲಿ ಬಿಡಿ, ಶಾಲೆಗೆ ನಾನು ಸೇರಿಸ್ತೀನಿ" ಎಂದಳು ಚಿಕ್ಕಮ್ಮ.

ಅಕ್ಕನ ಕೈಯಲ್ಲಿದ್ದ ಬೀಜ ಗುಳಿಗೆ ಬೀಳದೆ ಹಾಗೇ ನಿಂತಿತು.

"ಮನೇಲಿ ಅನ್ನ ಬೇಯ್ಸೋರು ಯಾರು?"

ಈ ಮಾತು ಅಪ್ಪನದು ಎಂದೇ ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಆದರೆ ನೆನೆದಾಗಲೆಲ್ಲ ಅದು ನನಗೆ ಎಳೆಯ ದನಿಯಲ್ಲಿ ಕೇಳಿಸುತ್ತದೆ.

ಅಕ್ಕ ಎದ್ದಳು. "ನನ್ನ ಬೀಜ ಯಾರೂ ಮುಟ್ಟಬ್ಯಾಡ್ರಿ, ಬಂದು ಆಡ್ತೀನಿ" ಎಂದು ಆ ಮಕ್ಕಳಿಗೆ ನಗುತ್ತಲೇ ಹೇಳಿದಳು.

ಅಪ್ಪ ಬಾವಿಯಿಂದ ನೀರು ಸೇದಿ ಡಬ್ಬ ತುಂಬಿದರು. "ಏನ್ ಯಜಮಾನ್ರೆ, ನಿಮ್ಮೂರ ಕೆರೆ ಬತ್ತೋಯ್ತೇನ್ರೀ?" ಎಂದು ಕಂಡಕ್ಟರ್ ಕಿಚಾಯಿಸಿದ. ಬಸ್ಸಿನವರೆಲ್ಲ ನಕ್ಕರು, ಅಕ್ಕನೂ ನಕ್ಕಳು. ಉಡುತಡಿ ಹತ್ತಿರವಾಗುವಷ್ಟರಲ್ಲಿ ಅವಳು ಬೆರಳ ಸಂದಿಯನ್ನು ಮುಂದಿನ ಸೀಟಿನ ಸರಳಿಗೆ ಉಜ್ಜತೊಡಗಿದ್ದಳು.

ಆ ನೀರಿನಲ್ಲೇ ದಿನಾ ಕೈ ತೊಳೆದಳು. ನೀರು ಮುಗಿಯುವ ಮೊದಲೇ ಗುಳ್ಳೆ ಎದ್ದವು. ಅಪ್ಪ ಡಬ್ಬ ಹಿಡಿದು ಮತ್ತೆ ಉಳವಿಯ ಬಸ್ಸು ಹತ್ತಿದರು. ಅಕ್ಕನನ್ನು ಕರೆದೊಯ್ಯಲಿಲ್ಲ.

ಪುಟ್ಟಿ, ಪರೀಕ್ಷೆ ಹತ್ತಿರ ಬಂದಾಗ ನಿನ್ನ ಬೆರಳಲ್ಲೂ ಅದೇ ಸಬ್ಬಕ್ಕಿ ಕಂಡು ನಿನ್ನನ್ನು ಅಂದೇ ಬಸ್ಸು ಹತ್ತಿಸಿದೆ. ಇದು ಯಾರಿಗೂ ಅಂಟುವುದಿಲ್ಲ, ನೀರು ಸೋಪಿನ ಜೊತೆ ಮನಸ್ಸಿನ ಚಿಂತೆಯೂ ಸೇರಿದರೆ ಹೆಚ್ಚುತ್ತದೆ ಎಂದರು ಶಿಕಾರಿಪುರದ ಡಾಕ್ಟರು. ಆಮೇಲೆ ನಿನ್ನನ್ನೇ ಕೇಳಿದರು: "ನಿದ್ದೆ ಬರುತ್ತೇನಮ್ಮ? ಯಾವುದಕ್ಕೆ ಹೆದರಿಕೆ?" ನೀನು ಹೇಳುತ್ತಲೇ ಹೋದೆ. ಮನೆಗೆ ಬಂದಾಗ ನಿನ್ನ ತಮ್ಮ ಮುಲಾಮು ಹಿಡಿದು ಒಂದೊಂದೇ ಬೆರಳಿಗೆ ಹಚ್ಚಿದ. ನಾನು ಒಳಗೆ ಹೋಗಿ ಕೂತೆ.

ಅಕ್ಕನನ್ನು ಯಾರೂ ಹಾಗೆ ಕೇಳಲಿಲ್ಲ. ಅವಳು ಆ ಬಿರುಕು ಕೈಯಲ್ಲೇ ಬದುಕಿದಳು, ತೀರಿಹೋಗಿ ಬಹಳ ವರ್ಷವಾಯಿತು. ಅಪ್ಪನಿಲ್ಲ, ಚಿಕ್ಕಮ್ಮನಿಲ್ಲ. ಜಗಲಿಯಲ್ಲಿ ಆ ಮಾತು ಆಡಿದವರು ಅಪ್ಪನೋ ನಾನೋ, ನನಗೆ ಗೊತ್ತಿಲ್ಲ.